ಬೇವಿನ ಮರದ ಕೆಳಗೆ ಕಾದದ್ದು

ಆಸ್ಪತ್ರೆಯ ಗೇಟು ದಾಟಿದರೆ ಎಡಕ್ಕೆ ಒಂದು ಬೇವಿನ ಮರ. ಅದರ ಕಾಂಡಕ್ಕೆ ತಂತಿ ಸುತ್ತಿ ಒಂದು ಬೋರ್ಡ್ ಕಟ್ಟಿದ್ದರು. ‘ಕೋವಿಡ್ ರೋಗಿಗಳ ಸಂಬಂಧಿಕರು ಇಲ್ಲಿಯೇ ಕಾಯಬೇಕು.’ 2021ರ ಮೇ ತಿಂಗಳಲ್ಲಿ 19 ದಿನ ನಾನು ಆ ಬೋರ್ಡಿನ ಕೆಳಗೆ ಕೂತಿದ್ದೆ. ಹುಬ್ಬಳ್ಳಿಯ ಮೇ ಬಿಸಿಲು ಹೇಗಿರುತ್ತೆ ಅಂತ ಅಲ್ಲಿಯವರಿಗೆ ಹೇಳಬೇಕಿಲ್ಲ. ಮರ ಇತ್ತಲ್ಲ ಅಂತ ಬದುಕಿಕೊಂಡೆವು.

ಅಪ್ಪ ಒಳಗೆ ಐಸಿಯುನಲ್ಲಿ. ನಮ್ಮನ್ನು ಒಳಗೆ ಬಿಡುತ್ತಿರಲಿಲ್ಲ. ದಿನಕ್ಕೊಮ್ಮೆ, ಸಂಜೆ 4ಕ್ಕೆ, ಒಳಗಿನಿಂದ ಫೋನ್ ಬರುತ್ತಿತ್ತು. ಆಕ್ಸಿಜನ್ ಲೆವೆಲ್ ಇಷ್ಟು, ಜ್ವರ ಇಷ್ಟು, ಊಟ ಮಾಡಿದ್ದಾರೆ ಅಥವಾ ಮಾಡಿಲ್ಲ. ಅಷ್ಟೇ. ಅರ್ಧ ನಿಮಿಷದ ಆ ಮಾತಿಗೆ ಉಳಿದ ಇಪ್ಪತ್ತಮೂರು ಗಂಟೆ ಐವತ್ತೊಂಬತ್ತೂವರೆ ನಿಮಿಷ ಕಾಯಬೇಕು. ಏಪ್ರಿಲ್ 27ರ ರಾತ್ರಿಯಿಂದ ರಾಜ್ಯವೆಲ್ಲ ಬಂದ್ ಆಗಿತ್ತು. ಮೇ 5ರಂದು ಒಂದೇ ದಿನ ರಾಜ್ಯದಲ್ಲಿ 50,000ಕ್ಕೂ ಜಾಸ್ತಿ ಹೊಸ ಕೇಸು. ಚಾಮರಾಜನಗರದ ಆಸ್ಪತ್ರೆಯಲ್ಲಿ ಆಕ್ಸಿಜನ್ ಸಿಗದೆ ರೋಗಿಗಳು ಸತ್ತ ಸುದ್ದಿ ಬಂದದ್ದೂ ಅದೇ ವಾರ. ಆಕ್ಸಿಜನ್ ಲಾರಿ ಗೇಟಿನೊಳಗೆ ಬಂದರೆ ನಾವೆಲ್ಲ ಎದ್ದು ನಿಲ್ಲುತ್ತಿದ್ದೆವು. ಯಾಕೆ ಅಂತ ಗೊತ್ತಿಲ್ಲ, ರಾಷ್ಟ್ರಗೀತೆಗೆ ನಿಂತ ಹಾಗೆ.

ನಾವು ಕ್ರೈಸ್ತರು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನ ಹಳೆಯ ಮನೆತನ. ಆ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದಿಳಿದು, ಆಮೇಲೆ ಘಟ್ಟ ಹತ್ತಿ ಧಾರವಾಡ, ಹುಬ್ಬಳ್ಳಿ, ಬೆಟಗೇರಿಗೆ ಬಂದವರು. 1876-78ರ ಬರದಲ್ಲಿ ಅಪ್ಪ ಅವ್ವ ಇಬ್ಬರನ್ನೂ ಕಳಕೊಂಡ ಒಂದು ಹುಡುಗಿ ಮಿಶನ್ನಿನ ಅನಾಥಾಲಯಕ್ಕೆ ಸೇರಿದಳು, ನಾವು ಆಕೆಯ ಕುಡಿಗಳು ಅಂತ ನಮ್ಮ ಅಜ್ಜಿ ಹೇಳುತ್ತಿದ್ದಳು. ಯೇಸು ಕಲಿಸಿದ ಕರ್ತನ ಪ್ರಾರ್ಥನೆಯ ‘ನಮ್ಮ ಅನುದಿನದ ಆಹಾರವನ್ನು ಈ ಹೊತ್ತು ನಮಗೆ ದಯಪಾಲಿಸು’ ಅನ್ನುವ ಸಾಲನ್ನು ಅಜ್ಜಿ ಬಹಳ ನಿಧಾನಕ್ಕೆ ಹೇಳುತ್ತಿದ್ದಳು. ಊಟಕ್ಕೆ ಕೂತ ಮಕ್ಕಳಿಗೆ ಸಿಟ್ಟು ಬರುವಷ್ಟು ನಿಧಾನ.

ನಾನು ಮಾತ್ರ ಅಂಥ ಪ್ರಾರ್ಥನೆಯ ಮನುಷ್ಯ ಅಲ್ಲ. ಬೆಂಗಳೂರಿಗೆ ಹೋದ ಮೇಲೆ ಕ್ರಿಸ್ಮಸ್, ಶುಭ ಶುಕ್ರವಾರ, ಈಸ್ಟರ್ ಬಿಟ್ಟರೆ ಚರ್ಚಿನ ಕಡೆ ಹೋದವನಲ್ಲ. ಪ್ರಾರ್ಥನೆ ಅಂದರೆ ಅವ್ವನ ಇಲಾಖೆ ಅಂದುಕೊಂಡಿದ್ದೆ. ಗ್ಯಾಸ್ ಬುಕ್ ಮಾಡೋದು ಅಪ್ಪ, ಪ್ರಾರ್ಥನೆ ಮಾಡೋದು ಅವ್ವ.

ಚರ್ಚ್ ಬಾಗಿಲು ಹಾಕಿದ್ದರಿಂದ ದಿನಾ ರಾತ್ರಿ 8ಕ್ಕೆ ಫೋನಿನಲ್ಲೇ ಕಾನ್ಫರೆನ್ಸ್ ಮಾಡಿ ಪ್ರಾರ್ಥನೆ ನಡೆಯುತ್ತಿತ್ತು. ಹತ್ತು ಹದಿನೈದು ಮನೆಯವರು. ಒಬ್ಬರ ಮನೆಯ ಕುಕ್ಕರ್ ಸೀಟಿ, ಇನ್ನೊಬ್ಬರ ಮನೆಯ ನಾಯಿ, ಯಾರದೋ ಕೆಮ್ಮು. ಕೆಮ್ಮು ಕೇಳಿದ ಕೂಡಲೇ ಎಲ್ಲರೂ ಒಂದು ಕ್ಷಣ ಸುಮ್ಮನಾಗುತ್ತಿದ್ದರು. ಸಭಾಪಾಲಕರು ಮೊದಲು ಹೆಸರುಗಳ ಪಟ್ಟಿ ಓದುತ್ತಿದ್ದರು. ಇಂಥವರು ಇಂಥಲ್ಲಿ ಅಡ್ಮಿಟ್, ಇಂಥವರಿಗೆ ಬೆಡ್ ಬೇಕು, ಇಂಥವರು ತೀರಿಕೊಂಡರು. ದಿನದಿಂದ ದಿನಕ್ಕೆ ಪಟ್ಟಿ ಉದ್ದ ಆಯಿತು. ಅವ್ವ ಹಟ ಮಾಡಿದ್ದಕ್ಕೆ ನಾನೂ ಮರದ ಕೆಳಗೆ ಕೂತು ಇಯರ್‌ಫೋನ್ ಹಾಕಿಕೊಂಡು ಸೇರುತ್ತಿದ್ದೆ. ಮೊದಲ ನಾಲ್ಕೈದು ದಿನ ನನ್ನ ಫೋನ್ ಮ್ಯೂಟ್. ಬಾಯಿಯೂ ಮ್ಯೂಟ್.

ನಿಜ ಹೇಳಬೇಕಂದರೆ ನನಗೆ ಇಂಥ ಕೂಟಗಳ ಮೇಲೆ ಒಂದು ಹಳೆಯ ಮುನಿಸು ಇದೆ. ಅಲ್ಲಿ ‘ಸಾಕ್ಷಿ’ ಹೇಳುವುದು ಅಂತ ಒಂದಿರುತ್ತೆ. ಕರ್ತನು ನನ್ನ ಪ್ರಾರ್ಥನೆ ಕೇಳಿದ, ಗಡ್ಡೆ ಕರಗಿತು, ಮಗನಿಗೆ ನೌಕರಿ ಸಿಕ್ಕಿತು ಅಂತ ಎದ್ದು ನಿಂತು ಹೇಳುತ್ತಾರೆ. ಸಂತೋಷವೇ. ಆದರೆ ಗಡ್ಡೆ ಕರಗದವರು, ನೌಕರಿ ಸಿಗದವರು ಅದೇ ಕೋಣೆಯಲ್ಲಿ ಹಿಂದಿನ ಸಾಲಿನ ಚಾಪೆಯ ಮೇಲೆ ಕೂತಿರುತ್ತಾರೆ, ಅವರನ್ನು ಯಾರೂ ಏಳಿಸುವುದಿಲ್ಲ. ಆ ದಿನಗಳಲ್ಲಿ ಇನ್ನೊಂದು ಕಿರಿಕಿರಿ ಬೇರೆ. ಪ್ರಾರ್ಥನೆ ಗಟ್ಟಿಯಿದ್ದರೆ ವ್ಯಾಕ್ಸಿನ್ ಯಾಕೆ ಅಂತ ವಾಟ್ಸಾಪ್ ಫಾರ್ವರ್ಡ್‌ಗಳು. ನಮ್ಮ ಹಿರಿಯರು ಪ್ರಾರ್ಥನೆಯನ್ನೂ ಮಾಡಿದರು, ಬೆಟಗೇರಿಯಲ್ಲಿ ಆಸ್ಪತ್ರೆಯನ್ನೂ ಕಟ್ಟಿದರು. ಅವರಿಗೆ ಎರಡರ ನಡುವೆ ಜಗಳ ಕಾಣಲಿಲ್ಲ. ಇರಲಿ ಬಿಡಿ.

ಮರದ ಕೆಳಗೆ ನಾವು ಏಳೆಂಟು ಜನ ಕಾಯಂ ಗಿರಾಕಿಗಳಾದೆವು. ಹಳೇ ಹುಬ್ಬಳ್ಳಿಯ ಒಬ್ಬ ಹುಡುಗ, ಒಳಗೆ ಅವನ ಅಮ್ಮಿ. ರಂಜಾನ್ ತಿಂಗಳು ಅದು. ಟವೆಲ್ ಹಾಸಿ ನಮಾಜ್ ಮಾಡಿ, ಉಪವಾಸ ಬಿಡುವ ಹೊತ್ತಿಗೆ ಖರ್ಜೂರದ ಪೊಟ್ಟಣ ಎಲ್ಲರ ಮುಂದೂ ಹಿಡಿಯುತ್ತಿದ್ದ. ಕುಂದಗೋಳದ ಕಡೆಯ ಒಬ್ಬ ಅಜ್ಜಿ, ಮಗ ಒಳಗೆ. ಆಕೆ ಸಿದ್ಧಾರೂಢರ ಹೆಸರು ಹೇಳಿಕೊಳ್ಳುತ್ತಾ ‘ಓಂ ನಮಃ ಶಿವಾಯ’ ಅಂತ ಬಾಯಿ ಆಡಿಸುತ್ತಲೇ ಇರುತ್ತಿದ್ದಳು. ನಾನೊಬ್ಬನೇ ಅಲ್ಲಿ ಸುಮ್ನೆ ಫೋನ್ ಉಜ್ಜುತ್ತಾ ಕೂತವನು. ಅಜ್ಜಿ ಒಂದು ದಿನ ನೇರವಾಗಿ ಕೇಳಿಯೇಬಿಟ್ಟಳು.

“ನಿಮ್ಮ ದೇವರು ಯಾವುದಪಾ? ಏನೂ ಅನ್ನೂದಿಲ್ಲಲ್ಲ ನೀ?”

ಏನು ಹೇಳಲಿ. ಅಂತೀನಿ ಅಜ್ಜಿ, ರಾತ್ರಿ ಅಂತೀನಿ ಅಂದೆ.

ಅವತ್ತು ರಾತ್ರಿ ಅವ್ವ ಕಾನ್ಫರೆನ್ಸಿನಲ್ಲಿ ಬೈಬಲಿನ 23ನೆಯ ಕೀರ್ತನೆ ಹೇಳಿದಳು. ‘ಯೆಹೋವನು ನನಗೆ ಕುರುಬನು, ಕೊರತೆಪಡೆನು.’ ಸಂಡೇ ಸ್ಕೂಲಿನಲ್ಲಿ ಬಾಯಿಪಾಠ ಮಾಡಿ ಬಹುಮಾನಕ್ಕೆ ಒಂದು ಸ್ಟೀಲ್ ಲೋಟ ಗೆದ್ದ ಕೀರ್ತನೆ ಅದು. ಕನ್ನಡ ಬೈಬಲ್ ಮೊದಲು ತಯಾರಾದದ್ದು ಬಳ್ಳಾರಿಯಲ್ಲಿ. ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಅಲ್ಲಿಗೆ ಬಂದು ವರ್ಷಗಟ್ಟಲೆ ಅದರ ಹಿಂದೆ ಬಿದ್ದಿದ್ದರು, ಇಡೀ ಗ್ರಂಥ ಹೊರಬಂದಾಗ 1831. ಬಳ್ಳಾರಿ ಸೀಮೆಯಲ್ಲಿ ಕೂತು ಓದುವವರಿಗೆ ಕುರುಬ ಅಂದರೆ ಬರೀ ಉಪಮೆ ಅಲ್ಲ. ಕಂಬಳಿ ಹೊದ್ದು, ನಾಯಿ ಕಟ್ಟಿಕೊಂಡು, ಎರೆ ಹೊಲದಲ್ಲಿ ರಾತ್ರಿ ಕುರಿ ಹಟ್ಟಿಯ ಪಕ್ಕ ಮಲಗುವ ಮನುಷ್ಯ. ಮಲಗುತ್ತಾನೆ ಅಂತ ಹೆಸರಿಗೆ, ತೋಳದ ಭಯಕ್ಕೆ ಒಂದು ಕಣ್ಣು ತೆರೆದೇ ಇರುತ್ತೆ.

ನೂರಾರು ಸಲ ಹೇಳಿದ ಆ ಕೀರ್ತನೆಯಲ್ಲಿ ಒಂದು ವಿಷಯ ನನಗೆ ಅವತ್ತೇ ಕಂಡಿದ್ದು. ಮೊದಲ ಮೂರು ವಚನಗಳಲ್ಲಿ ದೇವರು ‘ಆತನು’. ಆತನು ಹಸುರುಗಾವಲಿನಲ್ಲಿ ತಂಗಿಸುತ್ತಾನೆ, ಆತನು ನೀರಿನ ಬಳಿಗೆ ಕರೆದೊಯ್ಯುತ್ತಾನೆ. ಎಲ್ಲ ಚೆನ್ನಾಗಿದೆ, ದೇವರ ಬಗ್ಗೆ ಮಾತಾಡುತ್ತಿದ್ದಾನೆ. ನಾಲ್ಕನೆಯ ವಚನಕ್ಕೆ ಕಾರ್ಗತ್ತಲಿನ ಕಣಿವೆ ಬರುತ್ತದೆ. ಅಲ್ಲಿ ತಟ್ಟನೆ ಮಾತು ತಿರುಗಿಬಿಡುತ್ತದೆ. ‘ನೀನು ಹತ್ತಿರವಿರುವದರಿಂದ ಕೇಡಿಗೆ ಹೆದರೆನು.’ ಆತ ಹೋಗಿ ನೀನು ಆಯಿತು. ಕತ್ತಲಾದಾಗ ಪಕ್ಕದಲ್ಲಿರುವವರ ಕೈ ಹಿಡಿದುಕೊಳ್ಳುತ್ತೀವಲ್ಲ, ಹಾಗೆ. ನಮ್ಮ ಮನೆಯಲ್ಲಿ ಅವ್ವನಿಗೆ ‘ನೀನು’, ಅಪ್ಪನಿಗೆ ‘ನೀವು’. ದೇವರನ್ನು ತಂದೆ ಅಂತ ಕರೆದರೂ ಹಚ್ಚುವುದು ಮಾತ್ರ ಅವ್ವನಿಗೆ ಹಚ್ಚುವ ‘ನೀನು’.

ಆ ರಾತ್ರಿ ನಾನೂ ‘ನೀನು’ ಅಂದೆ. ಮ್ಯೂಟ್ ಇಟ್ಟುಕೊಂಡೇ. ಮುಂದೆ ಮಾತು ಹೊಳೆಯಲಿಲ್ಲ.

ಅದಾಗಿ ಎರಡು ದಿನಕ್ಕೆ ಸಂಜೆಯ ಫೋನ್ ಬಂತು. ಆ ಕಡೆಯವರು ಬೆಡ್ ನಂಬರ್ ನೋಡುವುದರಲ್ಲಿ ಎಡವಿದ್ದರು. ಕ್ಷಮಿಸಿ, ಪೇಷೆಂಟ್ ಹೋಗಿಬಿಟ್ಟರು ಅಂದರು. ಹತ್ತು ನಿಮಿಷ ನಾನು ತಂದೆ ಇಲ್ಲದವನಾಗಿ ಆ ಮರದ ಕೆಳಗೆ ನಿಂತಿದ್ದೆ. ಆಮೇಲೆ ಮತ್ತೆ ಫೋನ್. ಸಾರಿ ಸರ್, ಅದು ನಿಮ್ಮದಲ್ಲ, ನಿಮ್ಮ ತಂದೆ ಸ್ಟೇಬಲ್ ಇದ್ದಾರೆ. ದೇವರೇ, ನಮ್ಮದಲ್ಲ, ನಮ್ಮದಲ್ಲ ಅಂತ ನೆಲಕ್ಕೆ ಕುಸಿದು ಕೂತೆ. ಮೊದಲ ಸಲ ಬಾಯಿ ಬಿಟ್ಟು, ಜೋರಾಗಿ, ಕಣ್ಣೀರಿಟ್ಟು ಮಾಡಿದ ಪ್ರಾರ್ಥನೆ ಅದು. ಮರುಕ್ಷಣವೇ ಹೊಟ್ಟೆಯಲ್ಲಿ ಕಲ್ಲು ಹಾಕಿದ ಹಾಗಾಯಿತು. ನಮ್ಮದಲ್ಲದಿದ್ದರೆ ಯಾರದು? ಸುತ್ತ ನೋಡಿದೆ. ಹುಡುಗ ಇದ್ದ. ಅಜ್ಜಿ ಇದ್ದಳು. ಇನ್ನೂ ನಾಲ್ಕೈದು ಜನ. ಯಾರ ಫೋನೂ ಇನ್ನೂ ಬಡಿದಿರಲಿಲ್ಲ.

‘ನಮ್ಮದಲ್ಲ’ ಅನ್ನುವುದು ಎಂಥ ಪ್ರಾರ್ಥನೆ! ಇವರಲ್ಲಿ ಯಾರದಾದರೂ ಆಗಲಿ ಅಂತಲೇ ಅದರ ಅರ್ಥ ಅಲ್ವಾ? ಯೇಸು ಕಲಿಸಿದ ಪ್ರಾರ್ಥನೆಯನ್ನು ಒಮ್ಮೆ ಹೇಳಿ ನೋಡಿ. ಅದರಲ್ಲಿ ‘ನಾನು’ ಇಲ್ಲ, ‘ನನಗೆ’ ಇಲ್ಲ. ನಮ್ಮ ತಂದೆಯೇ. ನಮ್ಮ ಅನುದಿನದ ಆಹಾರ. ನಮ್ಮ ತಪ್ಪುಗಳು. ನಮ್ಮನ್ನು ಕೇಡಿನಿಂದ ತಪ್ಪಿಸು. ಎಲ್ಲ ಬಹುವಚನ. ನಮ್ಮ ಅಜ್ಜಿ ಅಷ್ಟು ನಿಧಾನಕ್ಕೆ ಹೇಳುತ್ತಿದ್ದದ್ದು ಯಾಕೆ ಅಂತ ಆಗ ತಿಳಿದ ಹಾಗಾಯಿತು. ಬರದ ವರ್ಷದ ಅನಾಥಾಲಯದಲ್ಲಿ ‘ನಮ್ಮ ಆಹಾರ’ ಅಂದರೆ ಒಂದು ಹಂಡೆ ಗಂಜಿ ಮತ್ತು ಎದುರಿಗೆ ಸಾಲಾಗಿ ಕೂತ ಮಕ್ಕಳು. ನನ್ನದು ಅಂದರೆ ಪಕ್ಕದವಳಿಗೆ ಕಡಿಮೆ. ಇನ್ನು ‘ಈ ಹೊತ್ತು’ ಅನ್ನುವುದು. ನಾಳೆಯದಲ್ಲ, ಈ ತಿಂಗಳದಲ್ಲ. ಅವತ್ತಿನಿಂದ ನಾನು ಕೇಳತೊಡಗಿದ್ದು ಇಷ್ಟೇ: ಈ ಹೊತ್ತಿನ ಆಕ್ಸಿಜನ್ ನಮಗೆ ಕೊಡು. ನಮಗೆ ಅಂದರೆ ಹುಡುಗನ ಅಮ್ಮಿಗೂ, ಅಜ್ಜಿಯ ಮಗನಿಗೂ.

ಶಾಂತಿ ಸಿಕ್ಕಿತಾ ಅಂತ ಕೇಳಿದರೆ ಸಿನಿಮಾದ ಹಾಗೆ ಏನೂ ಆಗಲಿಲ್ಲ. ಬೆಳಕು ಬೀಳಲಿಲ್ಲ, ನಿದ್ದೆಯೂ ಬರಲಿಲ್ಲ. ಆದರೆ ಅವತ್ತು ಅವ್ವ ಕಟ್ಟಿ ಕಳಿಸಿದ್ದ ರೊಟ್ಟಿ, ಶೇಂಗಾ ಚಟ್ನಿ ಪೂರ್ತಿ ತಿಂದೆ. ಆರು ದಿನದಲ್ಲಿ ಮೊದಲ ಸಲ. ಅಜ್ಜಿಗೂ ಎರಡು ಕೊಟ್ಟೆ. ಕೈ ನಡುಗುವುದು ನಿಂತಿತ್ತು. ಅದಕ್ಕೆ ಶಾಂತಿ ಅಂತ ಹೆಸರಿಡಬಹುದಾ ಅಂತ ಆಗ ಯೋಚನೆ ಮಾಡಿರಲಿಲ್ಲ.

ಬೈಬಲಿನಲ್ಲಿ, ಪೌಲನು ಫಿಲಿಪ್ಪಿ ಊರಿನ ಕ್ರೈಸ್ತರಿಗೆ ಬರೆದ ಪತ್ರದಲ್ಲಿ ಒಂದು ಮಾತಿದೆ. ನಮ್ಮ ಮನೆಯ ಗೋಡೆಯ ಮೇಲೆ ಕಟ್ಟು ಹಾಕಿಸಿ ನೇತುಹಾಕಿದ ವಚನ, ಪಡಸಾಲೆಯ ಗಡಿಯಾರದ ಕೆಳಗೆ. ‘ಎಲ್ಲಾ ಗ್ರಹಿಕೆಯನ್ನು ಮೀರುವ ದೇವಶಾಂತಿಯು ನಿಮ್ಮ ಹೃದಯಗಳನ್ನೂ ಯೋಚನೆಗಳನ್ನೂ ಕ್ರಿಸ್ತ ಯೇಸುವಿನಲ್ಲಿ ಕಾಯುವದು.’ ಇದನ್ನು ಬರೆದಾಗ ಪೌಲ ಬೇಡಿ ಹಾಕಿಸಿಕೊಂಡು ಸೆರೆಯಲ್ಲಿದ್ದ. ಬಾಗಿಲಲ್ಲಿ ರೋಮಿನ ಕಾವಲು. ಮೂಲ ಗ್ರೀಕಿನಲ್ಲಿ ಅವನು ಬಳಸಿದ ಪದವೂ ಸೈನಿಕರು ಊರನ್ನು ಕಾವಲು ಕಾಯುವ ಪದವೇ. ತನ್ನನ್ನು ಕಾಯುತ್ತಿದ್ದ ಸಿಪಾಯಿಯನ್ನು ನೋಡುತ್ತಲೇ ಬರೆದನೋ ಏನೋ.

ಆದರೆ ನನ್ನ ತಲೆಯಲ್ಲಿ ತಿರುಗುತ್ತಿದ್ದದ್ದು ಗ್ರೀಕ್ ಅಲ್ಲ, ಆ ಮರದ ಬೋರ್ಡು. ಸಂಬಂಧಿಕರು ಇಲ್ಲಿಯೇ ಕಾಯಬೇಕು. ಶಾಂತಿಯು ಕಾಯುವದು. ಕುರುಬನು ಕುರಿ ಕಾಯುವನು. ನಮ್ಮ ಭಾಷೆಯಲ್ಲಿ ಎಲ್ಲಕ್ಕೂ ಒಂದೇ ಮಾತು. ಬೇರೆ ಕೆಲವು ಭಾಷೆಗಳಲ್ಲಿ ದಾರಿ ನೋಡುವುದು ಬೇರೆ, ಕಾವಲಿರುವುದು ಬೇರೆ. ಕನ್ನಡದಲ್ಲಿ ಬಾಗಿಲ ಹೊರಗೆ ಕೂತವನೂ ಕಾಯುತ್ತಾನೆ, ಬಾಗಿಲಿಗೆ ಕಾವಲು ನಿಂತವನೂ ಕಾಯುತ್ತಾನೆ. 121ನೆಯ ಕೀರ್ತನೆಯಲ್ಲಿ ‘ಇಸ್ರಾಯೇಲ್ಯರನ್ನು ಕಾಯುವಾತನು ತೂಕಡಿಸುವದಿಲ್ಲ, ನಿದ್ರಿಸುವದಿಲ್ಲ’ ಅಂತಿದೆ. 130ರಲ್ಲಿ ಬೆಳಗನ್ನು ಎದುರು ನೋಡುವ ಕಾವಲುಗಾರನಿಗಿಂತ ಹೆಚ್ಚಾಗಿ ನನ್ನ ಮನಸ್ಸು ನಿನಗಾಗಿ ಕಾದಿದೆ ಅನ್ನುತ್ತಾನೆ, ಕಾವಲುಗಾರನ ಮಾತನ್ನು ಎರಡು ಸಲ ಹೇಳುತ್ತಾನೆ. ರಾತ್ರಿಪಾಳಿ ಮಾಡಿದವರಿಗೆ ಆ ಎರಡನೆಯ ಸಲ ಯಾಕೆ ಬೇಕು ಅಂತ ಗೊತ್ತಿರುತ್ತೆ. ನಾಲ್ಕು ಗಂಟೆಗೆ ಇನ್ನೇನು ಬೆಳಗಾಯಿತು ಅನಿಸುತ್ತೆ, ಆಗಿರೋದಿಲ್ಲ.

ಅದೇ ವಾರ ಕಾಕಾ ಹೋದರು.

ಕಾಕಾ ಅಂದರೆ ನಮ್ಮ ಚಿಗವ್ವನ ಗಂಡ, ಗದಗದವರು. ಅಪ್ಪ ಅಡ್ಮಿಟ್ ಆದ ಮೂರನೆಯ ದಿನಕ್ಕೆ ಅವರೂ ಅಲ್ಲಿ ಅಡ್ಮಿಟ್ ಆಗಿದ್ದರು. ಪಟ್ಟಿಯಲ್ಲಿ ಅಪ್ಪನ ಹೆಸರಿನ ಕೆಳಗೇ ಅವರ ಹೆಸರು. ಅದೇ ಜನ, ಅದೇ ಮಾತು, ಅದೇ ಕಣ್ಣೀರು. ಒಬ್ಬರಿಗೊಂದು ಒಬ್ಬರಿಗೊಂದು ಅಂತ ಯಾರೂ ಭೇದ ಮಾಡಿರಲಿಲ್ಲ. ಮಣ್ಣಿಗೆ ಐದೇ ಜನ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಂದರಂತೆ. ಚಿಗವ್ವ ಸ್ಮಶಾನದ ಗೇಟಿನ ಹತ್ತಿರ ಆಟೊದಲ್ಲೇ ಕೂತು ನೋಡಿದಳಂತೆ.

ಅವತ್ತು ರಾತ್ರಿ ನಾನು ಕಾನ್ಫರೆನ್ಸ್ ಸೇರಲಿಲ್ಲ. ಯಾರಾದರೂ ‘ದೇವರ ಚಿತ್ತ’ ಅಂದರೆ ಏನಂದುಬಿಡುತ್ತೀನೋ ಅನ್ನುವ ಭಯ. ಬೈಬಲ್ ಆಪ್ ತೆರೆದು ಸುಮ್ನೆ ಕೀರ್ತನೆಗಳನ್ನು ಓದುತ್ತಾ ಹೋದೆ. 150 ಕೀರ್ತನೆಗಳಲ್ಲಿ ಹೆಚ್ಚುಕಡಿಮೆ ಮೂರನೆಯ ಒಂದು ಪಾಲು ದೂರು, ಗೋಳು, ಜಗಳ. ಭಾನುವಾರದ ಆರಾಧನೆಯಲ್ಲಿ ನಾವು ಅವನ್ನು ಅಷ್ಟಾಗಿ ಓದುವುದಿಲ್ಲ. 13ರಲ್ಲಿ ಮೊದಲ ಎರಡು ವಚನಗಳಲ್ಲೇ ನಾಲ್ಕು ಸಲ ‘ಎಷ್ಟರವರೆಗೆ’ ಅಂತ ಕೇಳುತ್ತಾನೆ. 88ಕ್ಕೆ ಸುಖಾಂತ್ಯವೇ ಇಲ್ಲ. ಕತ್ತಲೆಯ ಮಾತಿನಲ್ಲೇ ಮುಗಿದುಹೋಗುತ್ತದೆ, ‘ಆದರೂ ನಾನು ನಿನ್ನನ್ನು ಕೊಂಡಾಡುವೆನು’ ಅಂತ ಒಂದು ಸಾಲು ಕೊನೆಗೆ ಅಂಟಿಸಿಯೂ ಇಲ್ಲ. ಅಂಥದ್ದನ್ನೂ ಪ್ರಾರ್ಥನೆ ಅಂತ ಒಪ್ಪಿಕೊಂಡು, ಕಿತ್ತು ಹಾಕದೆ, ಸಾವಿರಾರು ವರ್ಷ ಜೋಪಾನವಾಗಿ ನಕಲು ಮಾಡಿಕೊಂಡು ಬಂದರಲ್ಲ. ನನಗೆ ಅವತ್ತು ಅದಕ್ಕಿಂತ ದೊಡ್ಡ ಸಮಾಧಾನ ಬೇರೆ ಯಾವುದೂ ಸಿಗಲಿಲ್ಲ.

ಮೂರನೆಯ ದಿನ ಕಾನ್ಫರೆನ್ಸಿಗೆ ಚಿಗವ್ವ ಬಂದಳು. ಯಾರೂ ಕರೆದಿರಲಿಲ್ಲ. ಅವಳ ನಂಬರು ಸೇರಿದ ಶಬ್ದ ಕೇಳಿಸಿತು, ಆಮೇಲೆ ಅವಳ ಉಸಿರು. ಸಭಾಪಾಲಕರು ಪಟ್ಟಿ ಓದಿದರು. ಅಪ್ಪನ ಹೆಸರಿನ ಕೆಳಗೆ ಈಗ ಬೇರೆ ಹೆಸರು. ಎಲ್ಲ ಮುಗಿದು ಕೊನೆಗೆ ಕರ್ತನ ಪ್ರಾರ್ಥನೆ ಯಾರು ನಡೆಸುತ್ತೀರಿ ಅಂದಾಗ, ನಾ ಹೇಳ್ತೀನ್ರಿ ಅಂದಳು ಚಿಗವ್ವ.

ಪರಲೋಕದಲ್ಲಿರುವ ನಮ್ಮ ತಂದೆಯೇ, ನಿನ್ನ ನಾಮವು ಪರಿಶುದ್ಧವೆಂದು ಎಣಿಸಲ್ಪಡಲಿ, ನಿನ್ನ ರಾಜ್ಯವು ಬರಲಿ. ‘ನಿನ್ನ ಚಿತ್ತವು’ ಅನ್ನುವಲ್ಲಿಗೆ ನಿಂತಳು.

ನಿಂತೇಬಿಟ್ಟಳು. ಸಾಮಾನ್ಯವಾಗಿ ಇಂಥ ಹೊತ್ತಲ್ಲಿ ಯಾರಾದರೂ ಮುಂದಿನ ಸಾಲನ್ನು ಎತ್ತಿಕೊಳ್ಳುತ್ತಾರೆ, ಮುಜುಗರ ತಪ್ಪಿಸುವುದಕ್ಕೆ. ಅವತ್ತು ಯಾರೂ ಎತ್ತಿಕೊಳ್ಳಲಿಲ್ಲ. ಸಭಾಪಾಲಕರೂ ಇಲ್ಲ, ಅವ್ವನೂ ಇಲ್ಲ. ಹದಿನೈದು ಮನೆಗಳು ಫೋನ್ ಕಿವಿಗೆ ಒತ್ತಿಕೊಂಡು ಸುಮ್ಮನಿದ್ದವು. ಎಲ್ಲೋ ಫ್ಯಾನ್ ತಿರುಗುತ್ತಿತ್ತು. ಎಷ್ಟು ಹೊತ್ತು ಅಂತ ನೋಡಲಿಲ್ಲ. ಮರದ ಕೆಳಗೆ ಅಜ್ಜಿ ನನ್ನ ಮುಖ ನೋಡಿ ಅವಳೂ ಬಾಯಿ ಆಡಿಸುವುದು ನಿಲ್ಲಿಸಿದ್ದಳು. ಆಮೇಲೆ ಚಿಗವ್ವ ‘ನೆರವೇರಲಿ’ ಅಂತ ಆ ಸಾಲನ್ನು ಮುಗಿಸದೆ ಬಿಟ್ಟು, ಮುಂದಿನದನ್ನು ಹಿಡಿದಳು. ‘ನಮ್ಮ ಅನುದಿನದ ಆಹಾರವನ್ನು ಈ ಹೊತ್ತು ನಮಗೆ ದಯಪಾಲಿಸು.’ ಆಮೆನ್ ಆದ ಮೇಲೆ ಒಂದು ಮಾತು ಸೇರಿಸಿದಳು, “ಭಾವನ್ನ ಮನಿಗೆ ಕಳಸು ತಂದೆ.” ಭಾವ ಅಂದರೆ ನಮ್ಮ ಅಪ್ಪ.

ಗೆತ್ಸೇಮನೆಯ ತೋಟದ ಕಥೆಯಲ್ಲಿ, ಶಿಲುಬೆಗೇರುವ ಹಿಂದಿನ ರಾತ್ರಿ, ಯೇಸು ಬೇಡಿಕೊಂಡದ್ದು ತೀರಾ ಸರಳ. ಸಾಧ್ಯವಾಗಿದ್ದರೆ ಈ ಪಾತ್ರೆ ನನ್ನನ್ನು ಬಿಟ್ಟುಹೋಗಲಿ. ಪಾತ್ರೆ ಅಂದರೆ ಮುಂದಿದ್ದ ನೋವು, ಸಾವು. ಮೂರು ಸಲ, ಹೆಚ್ಚುಕಡಿಮೆ ಅದೇ ಮಾತಿನಲ್ಲಿ ಬೇಡಿದ ಅಂತ ಮತ್ತಾಯ ಬರೆಯುತ್ತಾನೆ. ಪಾತ್ರೆ ಬಿಟ್ಟುಹೋಗಲಿಲ್ಲ. ಸಾಕ್ಷಿಕೂಟದಲ್ಲಿ ಎದ್ದು ಹೇಳಲಾಗದ ಪ್ರಾರ್ಥನೆ ಅದು. ‘ನಿನ್ನ ಚಿತ್ತ’ ಅನ್ನುವ ಮಾತನ್ನು ಅಲ್ಲಿ ಅವನೂ ಹೇಳುತ್ತಾನೆ, ಆದರೆ ನೆಲಕ್ಕೆ ಬೋರಲು ಬಿದ್ದು ಹೇಳುತ್ತಾನೆ. ಶಿಷ್ಯರನ್ನು ಕೇಳಿಕೊಂಡದ್ದು ಇನ್ನೂ ಚಿಕ್ಕ ವಿಷಯ. ನನ್ನ ಜೊತೆ ಎಚ್ಚರವಾಗಿರಿ. ಅವರು ಮಲಗಿಬಿಟ್ಟರು. ಪಾತ್ರೆಯ ಬಗ್ಗೆ ನನಗೆ ಉತ್ತರ ಗೊತ್ತಿಲ್ಲ, ಗೊತ್ತು ಅನ್ನುವವರನ್ನು ಕಂಡರೆ ಈಗಲೂ ದೂರ ಸರಿಯುತ್ತೇನೆ. ಆದರೆ ಆ ರಾತ್ರಿ ಫೋನಿನಲ್ಲಿ ಯಾರೂ ಮಲಗಿರಲಿಲ್ಲ.

ಅಪ್ಪ 19ನೆಯ ದಿನ ಮನೆಗೆ ಬಂದರು. ಹನ್ನೊಂದು ಕಿಲೋ ಇಳಿದಿದ್ದರು. ಖರ್ಜೂರದ ಹುಡುಗನ ಅಮ್ಮಿ ಅದಕ್ಕೂ ಮೊದಲೇ ಡಿಸ್ಚಾರ್ಜ್ ಆಗಿದ್ದರು, ಈದ್‌ಗೆ ಎರಡು ದಿನ ಇರುವಾಗ. ಕುಂದಗೋಳದ ಅಜ್ಜಿ ಒಂದು ಬೆಳಗ್ಗೆ ಮರದ ಕೆಳಗೆ ಇರಲಿಲ್ಲ. ಅವಳ ನೀರಿನ ಬಾಟಲಿ ಅಲ್ಲೇ ಇತ್ತು. ಕೇಳುವ ಧೈರ್ಯ ನನಗೆ ಬರಲಿಲ್ಲ.

ಒಂದು ತಿಂಗಳು ಬಿಟ್ಟು ಅಪ್ಪನನ್ನು ಕೇಳಿದೆ. ಒಳಗೆ ಪ್ರಾರ್ಥನೆ ಮಾಡ್ತಿದ್ರಾ ಅಂತ. ಅವರು ನಲವತ್ತು ವರ್ಷ ಚರ್ಚಿನ ಹಿರಿಯರಾಗಿದ್ದವರು, ಅರ್ಧ ಬೈಬಲ್ ಬಾಯಲ್ಲಿದೆ. ಏನೋ ದೊಡ್ಡ ಅನುಭವ ಹೇಳುತ್ತಾರೆ ಅಂದುಕೊಂಡಿದ್ದೆ. ಅವರು ನಕ್ಕರು.

“ಎಲ್ಲೀದಪಾ. ಒಂದ್ ವಚನಾನೂ ನೆನಪಾಗ್ಲಿಲ್ಲ. ಆ ಮಷೀನ್ ಟಿಣ್ ಟಿಣ್ ಅಂತಿತ್ತು, ಅದನ್ನ ಎಣಿಸ್ಕೋಂತ ಮಲ್ಕೊಂಡಿದ್ದೆ. ಹೊರಗ ನೀವು ಮಾಡಾಕತ್ತಿದ್ರಿ ಅಲ್ಲ? ನಿಮಗ ಬಿಟ್ಟಿದ್ದೆ.”

ನಮಗೆ ಬಿಟ್ಟಿದ್ದರಂತೆ! ಹೊರಗೆ ನಾನು ಮ್ಯೂಟ್ ಇಟ್ಟುಕೊಂಡು ಕೂತಿದ್ದು ಅವರಿಗೆ ಹೇಗೆ ಹೇಳಲಿ.

ನಾನೀಗ ದೊಡ್ಡ ಭಕ್ತ ಆಗಿದ್ದೇನೆ ಅಂದುಕೊಳ್ಳಬೇಡಿ. ಚರ್ಚಿಗೆ ಹೋಗುವುದು ಒಂದಿಷ್ಟು ಹೆಚ್ಚಾಗಿದೆ, ಅಷ್ಟೇ. ಪ್ರಾರ್ಥನೆಯಲ್ಲಿ ನನಗೆ ಈಗಲೂ ಮಾತು ಬೇಗ ಖಾಲಿಯಾಗುತ್ತದೆ. ಖಾಲಿಯಾದ ಮೇಲೆ ಎದ್ದು ಹೋಗದೆ ಸ್ವಲ್ಪ ಹೊತ್ತು ಕೂತಿರುತ್ತೇನೆ. ಮುಂಚೆ ಹಾಗೆ ಕೂರುತ್ತಿರಲಿಲ್ಲ.

ಹೋದ ತಿಂಗಳು ಊರಿಗೆ ಹೋಗಿದ್ದೆ. ರಾತ್ರಿ 8ರ ಕಾನ್ಫರೆನ್ಸ್ ಇನ್ನೂ ನಡೆಯುತ್ತಿದೆ. ಕೋವಿಡ್ ಹೋಯಿತು, ಚರ್ಚ್ ತೆರೆಯಿತು, ಇದನ್ನು ಮಾತ್ರ ಯಾರೂ ನಿಲ್ಲಿಸಲಿಲ್ಲ. ಅವ್ವ ಒಲೆಯ ಮೇಲೆ ಹಾಲಿಟ್ಟು ಫೋನ್ ತಗೊಂಡು ಪಡಸಾಲೆಗೆ ಹೊರಟಳು.

“ಹಾಲು ಕಾಯಾಕ ಇಟ್ಟೀನಿ. ಸ್ವಲ್ಪ ಕಾಯ್ಕೋಂತ ನಿಂದ್ರು, ಉಕ್ಕೀತು.”

ನಿಂತೆ. ಪಡಸಾಲೆಯಿಂದ ಸ್ಪೀಕರಿನಲ್ಲಿ ಒಬ್ಬೊಬ್ಬರ ದನಿ. ಅಪ್ಪ ಕುರ್ಚಿಯಲ್ಲೇ ತೂಕಡಿಸುತ್ತಿದ್ದರು. ಕೊನೆಗೆ ಕರ್ತನ ಪ್ರಾರ್ಥನೆ, ಅದು ಈಗ ಚಿಗವ್ವನದೇ ಪಾಳಿ. ನಿನ್ನ ನಾಮವು, ನಿನ್ನ ರಾಜ್ಯವು ಅಂತ ಬಂದು, ‘ನಿನ್ನ ಚಿತ್ತವು’ ಅನ್ನುವಲ್ಲಿ ಅವಳು ನಿಂತಳು. ಇಷ್ಟು ವರ್ಷವಾದರೂ ಅಲ್ಲಿಗೆ ಬಂದು ನಿಲ್ಲುತ್ತಾಳಂತೆ. ಕೆಲವು ದಿನ ಮುಗಿಸುತ್ತಾಳೆ, ಕೆಲವು ದಿನ ಬಿಟ್ಟು ಮುಂದೆ ಹೋಗುತ್ತಾಳೆ. ಯಾರೂ ಎತ್ತಿಕೊಳ್ಳುವುದಿಲ್ಲ. ಅವ್ವ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ತಲೆ ತಗ್ಗಿಸಿ ಕೂತಿದ್ದಳು. ಪಾತ್ರೆಯಲ್ಲಿ ಹಾಲಿನ ಅಂಚಿಗೆ ಸಣ್ಣ ಗುಳ್ಳೆಗಳು ಬರತೊಡಗಿದವು. ನಾನು ಗ್ಯಾಸಿನ ಗುಬ್ಬಿಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದೆ.